ಸೂಜಿ ಚುಚ್ಚುವಾಗ ತಾಯಿ ಹೊರಗಲ್ಲ, ಒಳಗಿರಬೇಕು: ಹಾಸನದ ಒಂದು ಪ್ರಕರಣ

"ಮಗೂಗೆ ಬ್ಲಡ್ ತಗೋಬೇಕು, ಸ್ವಲ್ಪ ಹೊರಗಿರಮ್ಮ." ನವಜಾತ ಶಿಶುಗಳ ಘಟಕದಲ್ಲಿ ದಿನಾ ಕೇಳಿಬರುವ ಮಾತು ಇದು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಹಸಿ ಬಾಣಂತಿ, ಮಗು ಅಳುವುದನ್ನು ನೋಡಲಾರಳು, ತಲೆಸುತ್ತಿ ಬಿದ್ದರೆ ಏನು ಗತಿ ಅನ್ನುವ ಕಾಳಜಿಯೇ ಅದರ ಹಿಂದೆ ಇರುತ್ತದೆ. ಆದರೆ ಹಿಮ್ಮಡಿಗೆ ಸೂಜಿ ತಾಗುವ ಹೊತ್ತಿನಲ್ಲಿ ಮಗುವಿನ ನೋವನ್ನು ಚೆನ್ನಾಗಿ ತಗ್ಗಿಸಬಲ್ಲವಳು ಅವಳೇ. ಅವಳನ್ನೇ ಬಾಗಿಲಾಚೆ ನಿಲ್ಲಿಸಿರುತ್ತೇವೆ.

ನಾನು ಹಾಸನದ ಒಂದು ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ನರ್ಸಿಂಗ್ ಆಫೀಸರ್. ಕೆಳಗೆ ಬರೆದಿರುವುದು ಒಂದೇ ಒಂದು ಮಗುವಿನ ಪ್ರಕರಣ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಯಾರು ಅಂತ ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಎಷ್ಟು ಬೇಕೋ, ಎಸ್‌ಎನ್‌ಸಿಯು ಹೊರಗೆ ಬೆಂಚಿನ ಮೇಲೆ ಕೂತಿರುವ ಅಪ್ಪ, ಅಮ್ಮ, ಅಜ್ಜಿಯರಿಗೂ ಇದು ಅಷ್ಟೇ ಬೇಕು.

ಮಗು

ತಾಯಿಗೆ 24 ವರ್ಷ, ಮೊದಲ ಹೆರಿಗೆ. ಊರು ಸಕಲೇಶಪುರ ತಾಲೂಕಿನ ಹೆತ್ತೂರು ಕಡೆ. ಗಂಡ ಹೆಂಡತಿ ಇಬ್ಬರಿಗೂ ಕಾಫಿ ತೋಟದಲ್ಲಿ ಕೂಲಿ ಕೆಲಸ, ತೋಟದ ಲೈನ್ ಮನೆಯಲ್ಲೇ ವಾಸ. ಜುಲೈ ತಿಂಗಳು, ಮಳೆ ಹಿಡಿದು ಬಿಟ್ಟಿರಲಿಲ್ಲ. ಎಂಟನೇ ತಿಂಗಳಲ್ಲಿ ಅವಳಿಗೆ ಕಾಲು, ಮುಖ ಊದಿಕೊಂಡು ತಲೆನೋವು ಶುರುವಾಯಿತು. ಊರಿನ ಆಶಾ ಕಾರ್ಯಕರ್ತೆ ಹಠ ಹಿಡಿದು ಸಕಲೇಶಪುರಕ್ಕೆ ಕರೆದುಕೊಂಡು ಬಂದರು. ಬಿಪಿ ತುಂಬಾ ಏರಿತ್ತು. ಅಲ್ಲಿಂದ 108ರಲ್ಲಿ ಹಾಸನಕ್ಕೆ, ಸುಮಾರು 40 ಕಿಲೋಮೀಟರ್. ಇಲ್ಲಿ ಬಂದ ಮೇಲೂ ಬಿಪಿ ಹತೋಟಿಗೆ ಬರದೆ ಸಿಸೇರಿಯನ್ ಮಾಡಬೇಕಾಯಿತು. 33 ವಾರದ ಹೆಣ್ಣು ಮಗು. ತೂಕ 1,620 ಗ್ರಾಂ.

ಹುಟ್ಟಿದ ಕೂಡಲೇ ಅತ್ತಿತು, ಅದೇ ದೊಡ್ಡ ಸಮಾಧಾನ. ಆದರೆ ಉಸಿರು ಜೋರಾಗಿ ಎಳೆಯುತ್ತಿತ್ತು. ಮೊದಲ ದಿನ ಸಿಪ್ಯಾಪ್‌ನಲ್ಲಿ, ಅಂದರೆ ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರದಲ್ಲಿ, ಇಟ್ಟೆವು, ಕೈಗೆ ಕ್ಯಾನುಲಾ ಹಾಕಿ ಗ್ಲೂಕೋಸ್ ಡ್ರಿಪ್ ಶುರು ಮಾಡಿದೆವು. ಇಷ್ಟು ಸಣ್ಣ ಮಗುವಿಗೆ ಶುಗರ್ ಇಳಿಯುವ ಭಯ ಇದ್ದೇ ಇರುತ್ತದೆ, ಹಾಗಾಗಿ ಕೆಲವು ಗಂಟೆಗೊಮ್ಮೆ ಹಿಮ್ಮಡಿ ಚುಚ್ಚಿ ನೋಡಲೇಬೇಕು. ಮೂರನೇ ದಿನಕ್ಕೆ ಮೈ ಹಳದಿಯಾಯಿತು. ಜಾಂಡೀಸ್. ಜಾಂಡೀಸ್ ಇಳಿಸುವ ಲೈಟ್‌ಗೆ ಇಟ್ಟರು. ಈಗ ಬಿಲಿರುಬಿನ್‌ಗೂ, ಅಂದರೆ ಮೈ ಹಳದಿ ಮಾಡುವ ಅಂಶ ಎಷ್ಟಿದೆ ಅಂತ ನೋಡುವುದಕ್ಕೂ, ರಕ್ತ ಬೇಕು. ಲೈಟ್ ಬಿದ್ದ ಚರ್ಮದ ಮೇಲೆ ಮೀಟರ್ ಇಟ್ಟು ಅಳೆದರೆ ಲೆಕ್ಕ ಸರಿಯಾಗಿ ಸಿಗುವುದಿಲ್ಲ, ರಕ್ತವನ್ನೇ ತೆಗೆಯಬೇಕು.

ನಾಲ್ಕನೇ ದಿನ ಬೆಳಗಿನ ಪಾಳಿಯಲ್ಲಿ ಈ ಮಗು ನನ್ನ ಪಾಲಿಗೆ ಬಂತು. ಎರಡೂ ಹಿಮ್ಮಡಿಯಲ್ಲಿ ಚುಚ್ಚಿದ ಗುರುತು. ನಾನು ಸ್ಪಿರಿಟ್ ಹತ್ತಿಯಿಂದ ಪಾದ ಒರೆಸಿದೆ ಅಷ್ಟೇ, ಇನ್ನೂ ಚುಚ್ಚಿರಲಿಲ್ಲ. ಮಗು ಕಾಲು ಎಳೆದುಕೊಂಡಿತು, ಹುಬ್ಬು ಗಂಟು ಹಾಕಿತು, ಕಣ್ಣು ಬಿಗಿಯಾಗಿ ಮುಚ್ಚಿತು. ಮುಂದೆ ಏನು ಬರುತ್ತದೆ ಅಂತ ನಾಲ್ಕು ದಿನದ ಕೂಸಿಗೆ ಗೊತ್ತಾಗಿಬಿಟ್ಟಿತ್ತು.

ಇದು ನನ್ನ ಕಲ್ಪನೆ ಅಲ್ಲ. ಕೆನಡಾದ ಆನಾ ಟಾಡಿಯೊ ಮತ್ತು ಜೊತೆಯವರು 2002ರಲ್ಲಿ ಇದನ್ನೇ ತೋರಿಸಿದ್ದಾರೆ. ಸಕ್ಕರೆ ಕಾಯಿಲೆ ಇರುವ ತಾಯಂದಿರ ಮಕ್ಕಳಿಗೆ ಶುಗರ್ ನೋಡಲು ಹುಟ್ಟಿದ ಮೊದಲ ದಿನವೇ ಮತ್ತೆ ಮತ್ತೆ ಹಿಮ್ಮಡಿ ಚುಚ್ಚಬೇಕಾಗುತ್ತದೆ. ಆ ಮಕ್ಕಳಿಗೆ ಆಮೇಲೆ ರಕ್ತ ತೆಗೆಯಲು ಹೋದಾಗ, ಬರೀ ಚರ್ಮ ಒರೆಸುವಾಗಲೇ ಅವು ಬೇರೆ ಮಕ್ಕಳಿಗಿಂತ ಜಾಸ್ತಿ ಮುಖ ಕಿವುಚಿದವು. ಚುಚ್ಚಿದಾಗ ನೋವೂ ಜಾಸ್ತಿ ತೋರಿಸಿದವು. ಅಂದರೆ ಹಿಂದಿನ ನೋವನ್ನು ಮೈ ಮರೆತಿರುವುದಿಲ್ಲ.

ನೋವು ಇದೆ ಅಂತ ಹೇಗೆ ಗೊತ್ತಾಗುತ್ತದೆ

ನಮ್ಮಲ್ಲಿ ನಿಪ್ಸ್ ಅನ್ನುವ ಅಳತೆ ಬಳಸುತ್ತೇವೆ. ಮುಖ, ಅಳು, ಉಸಿರಾಟ, ಕೈ, ಕಾಲು, ಎಚ್ಚರದ ಸ್ಥಿತಿ, ಇಷ್ಟನ್ನು ನೋಡಿ ಅಂಕ ಹಾಕುವುದು. ಅಳುವಿಗೆ 2ರವರೆಗೆ, ಉಳಿದವಕ್ಕೆ ತಲಾ 1, ಒಟ್ಟು 7. ಮೂರು ದಾಟಿದರೆ ನೋವಿದೆ ಅಂತ ಅರ್ಥ. ಆ ಬೆಳಿಗ್ಗೆ ವಾರ್ಮರ್, ಅಂದರೆ ಮಗುವನ್ನು ಬೆಚ್ಚಗಿಡುವ ತೊಟ್ಟಿಲಿನ ಮೇಲೆ ಚುಚ್ಚಿದಾಗ ಈ ಮಗುವಿನ ಅಂಕ 6. ಹೃದಯ ಬಡಿತ ಏರಿತು, ಆಕ್ಸಿಜನ್ ಒಂದು ಕ್ಷಣ ಇಳಿದು ಮಾನಿಟರ್ ಕೂಗಿಕೊಂಡಿತು. ಸಮಾಧಾನ ಆಗಲು ತುಂಬಾ ಹೊತ್ತು ಬೇಕಾಯಿತು. ಆಮೇಲೆ ಒಳಲೆಯಲ್ಲಿ ಹಾಲು ಹಾಕಿದರೆ ಅರ್ಧಕ್ಕೇ ಸುಸ್ತಾಗಿ ನಿದ್ದೆ ಹೋಯಿತು. ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಒಂದು ಹನಿ ರಕ್ತಕ್ಕಾಗಿ ಮಗು ಖರ್ಚು ಮಾಡುವ ಶಕ್ತಿ ಅದರ ಹಾಲಿನಿಂದ, ಅದರ ತೂಕದಿಂದಲೇ ಹೋಗುತ್ತದೆ.

ಇನ್ನೊಂದು ವಿಷಯ. ಅಳಲಿಲ್ಲ ಅಂದರೆ ನೋವಾಗಲಿಲ್ಲ ಅಂತಲ್ಲ. ತುಂಬಾ ಮುಂಚೆ ಹುಟ್ಟಿದ, ಸೋತು ಹೋದ ಮಗುವಿಗೆ ಅಳುವ ತ್ರಾಣವೇ ಇರುವುದಿಲ್ಲ. ಅಂಥ ಮಕ್ಕಳಲ್ಲಿ ಹುಬ್ಬು, ಕಣ್ಣು, ಮೂಗಿನ ಪಕ್ಕದ ಗೆರೆ ನೋಡಬೇಕು.

1980ರ ದಶಕದವರೆಗೂ ನವಜಾತ ಶಿಶುವಿಗೆ ನೋವು ಸರಿಯಾಗಿ ತಿಳಿಯುವುದಿಲ್ಲ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದ ಕಾಲ ಇತ್ತು. ಮೈ ಅಲುಗದ ಹಾಗೆ ಔಷಧಿ ಕೊಟ್ಟು, ನೋವಿಗೆ ಸಾಕಷ್ಟು ಔಷಧಿ ಕೊಡದೆ ಆಪರೇಷನ್ ಮಾಡಿದ್ದೂ ಉಂಟು. ಅದನ್ನು ಬದಲಿಸಿದವರಲ್ಲಿ ಮುಖ್ಯರಾದವರು ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕನ್ವಲ್‌ಜೀತ್ ಸಿಂಗ್ ಆನಂದ್. ನೋವಿಗೆ ಸರಿಯಾದ ಔಷಧಿ ಕೊಟ್ಟು ಆಪರೇಷನ್ ಮಾಡಿದ ಮಕ್ಕಳು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಅಂತ 1987ರಲ್ಲಿ ಅವರು ತೋರಿಸಿದರು. ಆಪರೇಷನ್ ಥಿಯೇಟರಿನಲ್ಲಿ ಆ ಮಾತು ನಿಂತಿತು. ಹಿಮ್ಮಡಿ ಚುಚ್ಚುವಂಥ ಸಣ್ಣ ಕೆಲಸಕ್ಕೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಪ್ಯಾರಿಸ್ ಸುತ್ತಮುತ್ತಲ ಐಸಿಯುಗಳಲ್ಲಿ 430 ಶಿಶುಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವು ಕೊಡುವ ಐದು ಕೆಲಸಗಳಲ್ಲಿ ಹತ್ತಿರ ಹತ್ತಿರ ನಾಲ್ಕು ನೋವು ತಗ್ಗಿಸುವ ಯಾವ ವಿಶೇಷ ಕ್ರಮವೂ ಇಲ್ಲದೆ ನಡೆದಿದ್ದವು. ಅಷ್ಟು ಅನುಕೂಲ ಇರುವ ಕಡೆಯೇ ಹೀಗೆ.

ಎರಡು ಗಡಿಯಾರ

ಈಗ ಈ ಪ್ರಕರಣದ ತಿರುಳಿಗೆ ಬರುತ್ತೇನೆ. ಈ ತಾಯಿ ಆಗಲೇ ಕಾಂಗರೂ ಆರೈಕೆ ಶುರು ಮಾಡಿದ್ದಳು. ಸಿಪ್ಯಾಪ್ ತೆಗೆದ ಮೇಲೆ, ಎದೆಯ ಮೇಲೆ ಮಗುವನ್ನು ಮೈಗೆ ಮೈ ತಾಗುವ ಹಾಗೆ ಇಟ್ಟುಕೊಂಡು ಕೂರುತ್ತಿದ್ದಳು. ಚೆನ್ನಾಗಿಯೇ ಮಾಡುತ್ತಿದ್ದಳು. ಕಾಂಗರೂ ಆರೈಕೆ ಅಂದರೆ ಮಗು ಬೆಚ್ಚಗಿರುವುದಕ್ಕೆ, ತೂಕ ಏರುವುದಕ್ಕೆ, ಹಾಲು ಚೆನ್ನಾಗಿ ಬರುವುದಕ್ಕೆ ಅಂತ ಎಲ್ಲರಿಗೂ ಗೊತ್ತು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಇದನ್ನು ಶುರು ಮಾಡಿದ್ದೇ ಇನ್‌ಕ್ಯುಬೇಟರ್ ಸಾಲದೆ ಬಂದಾಗ. ಹಾಗಾಗಿ ಬೆಚ್ಚಗಿಡುವ ವಿಧಾನ ಅಂತಲೇ ಅದಕ್ಕೆ ಹೆಸರು ಬಂತು.

ಆದರೆ ರಕ್ತ ತೆಗೆಯುವುದು ಬೆಳಿಗ್ಗೆ ಆರಕ್ಕೆ, ಡಾಕ್ಟರ್ ರೌಂಡ್ಸ್‌ಗೆ ಬರುವಷ್ಟರಲ್ಲಿ ರಿಪೋರ್ಟ್ ಬರಲಿ ಅಂತ. ತಾಯಂದಿರನ್ನು ಕಾಂಗರೂ ಆರೈಕೆಗೆ ಒಳಗೆ ಕರೆಯುವುದು ಎಂಟರ ಮೇಲೆ. ಒಂದೇ ಮಗು, ಒಂದೇ ತಾಯಿ, ಒಂದೇ ಕೋಣೆ. ಆರಕ್ಕೆ ಮಗು ವಾರ್ಮರ್ ಮೇಲೆ ಒಂಟಿಯಾಗಿ ನೋವು ತಿನ್ನುತ್ತದೆ, ಎಂಟಕ್ಕೆ ಬಂದ ತಾಯಿಗೆ ಅದು ಗೊತ್ತೂ ಆಗುವುದಿಲ್ಲ. ಈ ಎರಡು ಗಡಿಯಾರವನ್ನು ಯಾರೂ ಒಂದು ಮಾಡಿರಲಿಲ್ಲ.

ನಮ್ಮ ಮಕ್ಕಳ ಡಾಕ್ಟರ್ ಮೇಡಂ ಹತ್ತಿರ ಹೋಗಿ ಕೇಳಿದ್ದು ಇಷ್ಟೇ: "ಮೇಡಂ, ತುರ್ತು ಇಲ್ಲದ ಬಿಲಿರುಬಿನ್ ಒಂಬತ್ತಕ್ಕೆ ತೆಗೆದರೆ ಆಗುತ್ತಾ? ತಾಯಿ ಎದೆ ಮೇಲೆ ಇರುವಾಗಲೇ ತೆಗೆಯುತ್ತೇನೆ." ಅವರು ಚಾರ್ಟ್ ನೋಡಿದರು. ಏರುವ ವೇಗ ಕಡಿಮೆಯಾಗಿದೆ, ಮೂರು ಗಂಟೆ ತಡವಾದರೆ ಏನೂ ತೊಂದರೆಯಿಲ್ಲ ಅಂದರು. ಜೊತೆಗೆ ಅವರೇ ಇನ್ನೊಂದು ಮಾತು ಸೇರಿಸಿದರು: ಶುಗರ್ ಬೇರೆ, ಬಿಲಿರುಬಿನ್ ಬೇರೆ ಅಂತ ಎರಡು ಸಲ ಚುಚ್ಚಬೇಡಿ, ಒಂದೇ ಚುಚ್ಚಿಗೆ ಎರಡನ್ನೂ ಮುಗಿಸಿ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಆದ ಅತಿ ಒಳ್ಳೆಯ ಕೆಲಸ ಅದೇ. ಯಾವ ಉಪಾಯಕ್ಕಿಂತಲೂ ತಪ್ಪಿಸಿದ ಚುಚ್ಚು ಮೇಲು.

ಅಜ್ಜಿ ಒಪ್ಪಲಿಲ್ಲ

ತಾಯಿಗಿಂತ ಮುಂಚೆ ಒಪ್ಪಿಸಬೇಕಾದದ್ದು ಅಜ್ಜಿಯನ್ನು. ಅವಳ ತಾಯಿ, ಬಾಣಂತನಕ್ಕೆ ಅಂತ ಜೊತೆಗೆ ಬಂದವರು. ತುಂಬಾ ಜೀವ ಇಟ್ಟುಕೊಂಡಿದ್ದರು ಮಗುವಿನ ಮೇಲೆ.

"ಬ್ಯಾಡ ಕಣವ್ವ," ಅಂದರು. "ಕೂಸಿಗೆ ಸೂಜಿ ಚುಚ್ಚೋದನ್ನ ಹೆತ್ತೋಳು ನೋಡಬಾರ್ದು. ಎದೆ ಹಾಲು ಬತ್ತೋಯ್ತದೆ. ಅವಳ ಎದೆ ಮ್ಯಾಲೆ ಮಡಗಿ ಚುಚ್ಚಿದ್ರೆ, ನಾಳೆ ಕೂಸು ಅಮ್ಮನ ಕಂಡ್ರೇ ಹೆದರ್ಕತದೆ."

ಎರಡನೇ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅದು ಬುದ್ಧಿವಂತ ಪ್ರಶ್ನೆ. ಎಷ್ಟೋ ನರ್ಸ್‌ಗಳೂ ಇದನ್ನೇ ಕೇಳುತ್ತಾರೆ: ತಾಯಿಯ ಮಡಿಲು ಮಗುವಿಗೆ ಸುರಕ್ಷಿತ ಜಾಗ, ಅಲ್ಲೇ ನೋವು ಕೊಡಬಹುದಾ? ನಾನು ಅಜ್ಜಿಗೆ ಹೇಳಿದ್ದು: "ಅಜ್ಜಿ, ನಾವು ಚುಚ್ಚೋದು ಅಮ್ಮ ಅಪ್ಪಿಕೊಂಡು ಹದಿನೈದು ನಿಮಿಷ ಆದ್ಮೇಲೆ. ಚುಚ್ಚಿದ ಮೇಲೂ ಅಮ್ಮ ಬಿಡಲ್ಲ. ನೋವು ಬಂದಾಗ ಅಮ್ಮ ಇದ್ದಳು, ನೋವು ಹೋಗೋವಾಗ್ಲೂ ಅಮ್ಮ ಇದ್ದಳು. ಒಬ್ಬಳನ್ನೇ ಮಲಗಿಸಿ ಚುಚ್ಚಿದ್ರೆ ನೋವು ಒಂದೇ ಇರುತ್ತೆ, ಅಮ್ಮ ಇರಲ್ಲ." ಹಾಲಿನ ವಿಷಯಕ್ಕೆ, ಮೈಗೆ ಮೈ ತಾಗಿದರೆ ಹಾಲು ಹೆಚ್ಚು ಬರುತ್ತದೆ ಅನ್ನುವುದನ್ನು ಅವರೇ ಎರಡು ದಿನದಿಂದ ಕಣ್ಣಾರೆ ನೋಡಿದ್ದರು. ಹಿಂಡಿದ ಹಾಲಿನ ಬಟ್ಟಲು ತೊಳೆಯುತ್ತಿದ್ದವರೇ ಅವರು.

ಅಜ್ಜಿ ಪೂರ್ತಿ ಒಪ್ಪಲಿಲ್ಲ. "ಒಂದು ಸಲ ಮಾಡಿ, ನಾನು ಅಲ್ಲೇ ನಿಂತಿರ್ತೀನಿ" ಅಂದರು. ಸರಿ ಅಂದೆ.

ತಾಯಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಸಿಸ್ಟರ್, ನಾನು ಅತ್ತುಬಿಟ್ಟರೆ?" ಅಳಬಹುದು ಅಂತ ಹೇಳಿದೆ. ಸೂಜಿ ಕಡೆ ನೋಡಲೇಬೇಕು ಅಂತಿಲ್ಲ, ಮಗುವಿನ ತಲೆ ನೋಡು, ಮೆಲ್ಲಗೆ ಉಸಿರಾಡು, ಸಾಕು. ಬೇಡ ಅನ್ನಿಸಿದರೆ ಬೇಡ ಅನ್ನುವ ಹಕ್ಕೂ ಅವಳಿಗಿದೆ, ಅದನ್ನೂ ಹೇಳಿದೆ. ಬಲವಂತ ಮಾಡಿ ಎದೆಗೆ ಹಾಕಿದರೆ ತಾಯಿಯ ಮೈಯೇ ಬಿಗಿಯುತ್ತದೆ.

ಮಾಡಿದ ಬಗೆ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸಂಶೋಧನೆ ಓದಿ ತಲೆದೂಗುವವರೂ ಕೊನೆಗೆ "ಎದೆ ಮೇಲಿರೋ ಮಗುವಿಗೆ ಹಿಮ್ಮಡಿ ಚುಚ್ಚೋದು ಹೇಗೆ, ಕಾಲೇ ಕಾಣಲ್ಲ" ಅಂತ ಕೈಬಿಡುತ್ತಾರೆ.

ಒರಗಿ ಕೂರುವ ಕುರ್ಚಿ ಬೇಕು. ತಾಯಿ ಸ್ವಲ್ಪ ಹಿಂದಕ್ಕೆ ಒರಗಿ ಕೂತಳು. ಮುಂದೆ ಗುಂಡಿ ಇರುವ ನೈಟಿ. ಮಗುವಿಗೆ ಕುಲಾವಿ, ಕಾಲುಚೀಲ, ಡೈಪರ್ ಬಿಟ್ಟು ಬೇರೆ ಬಟ್ಟೆ ಇಲ್ಲ. ಎರಡು ಮೊಲೆಗಳ ನಡುವೆ ಮಗು ನೆಟ್ಟಗೆ, ಹೊಟ್ಟೆಗೆ ಹೊಟ್ಟೆ ಆನಿಸಿ, ತಲೆ ಒಂದು ಪಕ್ಕಕ್ಕೆ, ಮೂಗು ಮುಚ್ಚದ ಹಾಗೆ ಗದ್ದ ಸ್ವಲ್ಪ ಮೇಲೆ. ಕೈ ಕಾಲು ಮಡಚಿ ಕಪ್ಪೆಯ ಹಾಗೆ. ಸಿಸೇರಿಯನ್ ಆದವಳು, ಆದ್ದರಿಂದ ಮಗುವಿನ ಪಾದ ಹೊಲಿಗೆಗೆ ತಾಗದ ಹಾಗೆ ಮೇಲಕ್ಕೆ ಇಟ್ಟು, ಮೊಣಕೈ ಕೆಳಗೆ ದಿಂಬು ಕೊಟ್ಟೆವು. ಮೇಲೊಂದು ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಕಂಬಳಿ. ಮಳೆಗಾಲ, ಥಂಡಿ ಅಂತ ಅಜ್ಜಿಗೆ ಭಯ ಇತ್ತು. ತಾಯಿಯ ಎದೆಯೇ ಮಗುವಿಗೆ ಬಿಸಿ ಕೊಡುತ್ತದೆ, ಬೆನ್ನು ಮುಚ್ಚಿದರೆ ಸಾಕು. ಥರ್ಮಾಮೀಟರ್ ಇಟ್ಟು ಅವರಿಗೇ ತೋರಿಸಿದೆ.

ಆಕ್ಸಿಜನ್ ಮಾನಿಟರಿನ ತಂತಿ ಒಂದು ಪಾದಕ್ಕೆ. ಇನ್ನೊಂದು ಪಾದ ಕಂಬಳಿಯ ಪಕ್ಕದಿಂದ ಹೊರಗೆ. ಆಮೇಲೆ ಹದಿನೈದು ನಿಮಿಷ ಸುಮ್ನೆ ಬಿಟ್ಟೆವು. ಇಲ್ಲೇ ಎಲ್ಲರೂ ಅವಸರ ಮಾಡುವುದು. ಎದೆಗೆ ಹಾಕಿದ ಕೂಡಲೇ ಚುಚ್ಚಿದರೆ ಪ್ರಯೋಜನ ಅಷ್ಟಾಗಿ ಸಿಗುವುದಿಲ್ಲ. ಎತ್ತಿ ಸಾಗಿಸಿದ ಗಲಿಬಿಲಿ ಇಳಿದು, ಉಸಿರು ನಿಧಾನವಾಗಿ, ಮಗು ಎದೆಯ ಮೇಲೆ ಕರಗಿದ ಹಾಗೆ ಸಡಿಲವಾಗಬೇಕು. ಆ ಹೊತ್ತಿನಲ್ಲಿ ನಾನು ಪಕ್ಕದ ಮಗುವಿನ ಚಾರ್ಟ್ ಬರೆದೆ. ಹದಿನೈದು ನಿಮಿಷ ಯಾರ ಹತ್ತಿರ ಇದೆ ಅಂತ ಕೇಳುವವರಿಗೆ ಉತ್ತರ ಇದು. ನರ್ಸ್ ಪಕ್ಕದಲ್ಲಿ ಕಾಯುತ್ತಾ ನಿಲ್ಲಬೇಕಿಲ್ಲ. ಆ ಹದಿನೈದು ನಿಮಿಷ ಕೊಡುವವಳು ತಾಯಿ.

ಚುಚ್ಚುವಾಗ ನಾನು ಕೆಳಗೆ ಕುಳ್ಳ ಸ್ಟೂಲಿನ ಮೇಲೆ ಕೂತೆ. ಪಾದ ಕಣ್ಣಿನ ನೇರಕ್ಕೆ ಬಂತು. ನಿಂತು ಬಗ್ಗಿ ಮಾಡಲು ಹೋದರೆ ನಮ್ಮ ಸೊಂಟವೂ ಹೋಗುತ್ತದೆ, ಗುರಿಯೂ ತಪ್ಪುತ್ತದೆ. ಬೆಳಕಿಗೆ ಒಂದು ಸಣ್ಣ ದೀಪ, ಮಗುವಿನ ಮುಖಕ್ಕೆ ಬೀಳದ ಹಾಗೆ. ಹಿಮ್ಮಡಿಯ ಪಕ್ಕದಲ್ಲಿ, ಗುಂಡಿ ಒತ್ತಿದರೆ ತಾನೇ ಚುಚ್ಚಿ ಒಳಗೆ ಸರಿಯುವ ಲ್ಯಾನ್ಸೆಟ್‌ನಿಂದ ಒಂದೇ ಚುಚ್ಚು. ಬರೀ ಸೂಜಿ ಹಿಡಿದು ಚುಚ್ಚುವುದಕ್ಕಿಂತ ಇದರಲ್ಲಿ ನೋವು ಕಡಿಮೆ. ಮಗು ನೆಟ್ಟಗೆ ಇರುವುದರಿಂದ ಪಾದ ಕೆಳಗಿರುತ್ತದೆ, ರಕ್ತ ತಾನಾಗಿ ಇಳಿಯುತ್ತದೆ, ಹಿಂಡುವ ಕೆಲಸ ಕಡಿಮೆ. ಎಷ್ಟೋ ಸಲ ಚುಚ್ಚುವುದಕ್ಕಿಂತ ಹಿಂಡುವುದೇ ಮಗುವನ್ನು ಜಾಸ್ತಿ ನೋಯಿಸುತ್ತದೆ.

ತಾಯಿಯ ಒಂದು ಕೈ ಮಗುವಿನ ಬೆನ್ನ ಮೇಲೆ, ಇನ್ನೊಂದು ತಲೆಯ ಮೇಲೆ, ಅಲುಗದೆ. ತಟ್ಟಬೇಡ, ಸವರಬೇಡ, ಸುಮ್ನೆ ಒತ್ತಿ ಹಿಡಿ ಅಂತ ಹೇಳಿದ್ದೆ.

ಮಗು ಹುಬ್ಬು ಗಂಟು ಹಾಕಿತು. ಒಂದು ಸಲ ಕುಂಯ್ ಅಂತು. ಕಾಲು ಎಳೆದುಕೊಂಡಿತು. ಅಷ್ಟೇ. ನಿಪ್ಸ್ ಅಂಕ 2. ಆಕ್ಸಿಜನ್ ಇಳಿಯಲಿಲ್ಲ. ಎರಡು ಕ್ಯಾಪಿಲರಿ ಟ್ಯೂಬ್ ತುಂಬುವಷ್ಟರಲ್ಲಿ ಮುಖ ಸಡಿಲವಾಗಿತ್ತು. ತಾಯಿಯೂ ಅಳಲಿಲ್ಲ. "ಆಯ್ತಾ ಸಿಸ್ಟರ್?" ಅಂತ ಕೇಳಿದಳು, ನಂಬಿಕೆಯೇ ಬಾರದವಳ ಹಾಗೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಮಾತಾಡಲಿಲ್ಲ, ಆದರೆ ಮರುದಿನ ಒಂಬತ್ತಕ್ಕೆ ಅವರೇ ಬಂದು ಮಗಳನ್ನು ಕುರ್ಚಿಯಲ್ಲಿ ಕೂರಿಸಿ ದಿಂಬು ಇಟ್ಟರು.

ಮುಗಿದ ಮೇಲೂ ಎತ್ತಲಿಲ್ಲ. ಕನಿಷ್ಠ ಒಂದು ಗಂಟೆ ಅಲ್ಲೇ ಇತ್ತು, ಎಚ್ಚರವಾದಾಗ ಒಳಲೆಯ ಹಾಲನ್ನು ಪೂರ್ತಿ ಕುಡಿಯಿತು. ಆಮೇಲೆ ಮತ್ತೆ ಲೈಟ್‌ಗೆ.

ಅದೇ ವಾರ ಲ್ಯಾನ್ಸೆಟ್ ಕೂಡ ಬದಲಾಗಿತ್ತು, ಮಗುವೂ ದಿನ ದಿನಕ್ಕೆ ಗಟ್ಟಿಯಾಗುತ್ತಿತ್ತು. ಹಾಗಾಗಿ ಆರರಿಂದ ಎರಡಕ್ಕೆ ಇಳಿದದ್ದನ್ನೆಲ್ಲ ತಾಯಿಯ ಎದೆಯ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಆದರೆ ನಡುವೆ ಒಂದು ದಿನ ತಾಯಿಗೆ ಜ್ವರ ಬಂದು ಒಳಗೆ ಬರಲಾಗಲಿಲ್ಲ, ಅದೇ ಲ್ಯಾನ್ಸೆಟ್, ಅದೇ ಕೈ, ವಾರ್ಮರ್ ಮೇಲೆ ಚುಚ್ಚಿದರೆ ಅಂಕ ಮತ್ತೆ 5ಕ್ಕೆ ಹೋಯಿತು.

ಬೇರೆ ಕಡೆ ಕಂಡದ್ದು

ಒಂದು ಮಗುವಿನಿಂದ ನಿಯಮ ಮಾಡಲಾಗದು. ಅದಕ್ಕೆ ದೊಡ್ಡ ಅಧ್ಯಯನಗಳು ಬೇಕು, ಅವು ಇವೆ. ಅಮೆರಿಕದಲ್ಲಿ ಲ್ಯಾರಿ ಗ್ರೇ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಂಗಳು ತುಂಬಿ ಹುಟ್ಟಿದ 30 ಮಕ್ಕಳಿದ್ದರು. ತಾಯಿಯ ಎದೆಯ ಮೇಲೆ 10ರಿಂದ 15 ನಿಮಿಷ ಇಟ್ಟು ಹಿಮ್ಮಡಿ ಚುಚ್ಚಿದ ಮಕ್ಕಳಲ್ಲಿ ಅಳು ಶೇ. 82ರಷ್ಟು, ಮುಖ ಕಿವುಚುವುದು ಶೇ. 65ರಷ್ಟು ಕಡಿಮೆ. ತುಂಬಾ ಸಣ್ಣ ಮಕ್ಕಳಿಗೆ ಇದು ನಡೆಯುತ್ತದಾ? ಕೆನಡಾದ ಸೆಲೆಸ್ಟ್ ಜಾನ್‌ಸ್ಟನ್ ತಂಡ 2008ರಲ್ಲಿ 28ರಿಂದ 32 ವಾರದೊಳಗಿನ 61 ಮಕ್ಕಳಲ್ಲಿ ನೋಡಿತು. ಅಲ್ಲಿ ಪರಿಣಾಮ ಅಷ್ಟು ದೊಡ್ಡದಿಲ್ಲ, ಆದರೆ ಇದೆ. ಚೇತರಿಸಿಕೊಳ್ಳಲು ಇನ್‌ಕ್ಯುಬೇಟರಿನಲ್ಲಿ 193 ಸೆಕೆಂಡ್ ಬೇಕಾದರೆ, ಎದೆಯ ಮೇಲೆ 123 ಸೆಕೆಂಡ್. ಒಂದು ನಿಮಿಷಕ್ಕೂ ಹೆಚ್ಚು ವ್ಯತ್ಯಾಸ. ಒಂದು ಕಿಲೋ ತೂಗುವ ಮಗುವಿಗೆ ಒಂದು ನಿಮಿಷದ ನೋವು ಸಣ್ಣದಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ 25 ಅಧ್ಯಯನಗಳ 2,001 ಮಕ್ಕಳ ಫಲಿತಾಂಶ ಒಟ್ಟುಗೂಡಿಸಿ, ಒಂದು ಚುಚ್ಚಿನಂಥ ನೋವಿಗೆ ಇದು ಕೆಲಸ ಮಾಡುತ್ತದೆ, ಸುರಕ್ಷಿತ ಅಂತ ಹೇಳಿತು.

ಏಕೆ ಕೆಲಸ ಮಾಡುತ್ತದೆ? ಕಾಲು ಎಡವಿದಾಗ ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ವಾ, ಹಾಗೇ. ಹಿತವಾದ ಸ್ಪರ್ಶವೂ ನೋವೂ ಒಂದೇ ದಾರಿಯಲ್ಲಿ, ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗಬೇಕು. ಸ್ಪರ್ಶ ಜೋರಾಗಿದ್ದರೆ ನೋವಿನ ಸುದ್ದಿ ತಗ್ಗುತ್ತದೆ. ಜೊತೆಗೆ ಅಮ್ಮನ ವಾಸನೆ, ಎದೆಬಡಿತ, ಉಸಿರಿನ ಏರಿಳಿತ, ಬಿಸುಪು, ಎಲ್ಲವೂ ಸೇರುತ್ತವೆ. ಆಕ್ಸಿಟೋಸಿನ್ ಹಾರ್ಮೋನಿನ ಪಾತ್ರವೂ ಇದೆ ಅಂತ ಹೇಳುತ್ತಾರೆ.

ಅಪ್ಪ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಬಹುದು. ಜಾನ್‌ಸ್ಟನ್ ಅವರ ತಂಡವೇ ಅದನ್ನೂ ನೋಡಿದೆ. ತಾಯಿಯ ಎದೆಗೂ ತಂದೆಯ ಎದೆಗೂ ವ್ಯತ್ಯಾಸ ಇದೆ, ಆದರೆ ಸಣ್ಣದು. ಈ ಮಗುವಿನ ಅಪ್ಪ ತೋಟದ ರಜೆಯ ದಿನ ಬಂದಿದ್ದರು. ಅಂಗಿ ಬಿಚ್ಚಿ ಕೂರಬೇಕು ಅಂದಾಗ ತುಂಬಾ ನಾಚಿಕೊಂಡರು. ಪರದೆ ಎಳೆದು ಮರೆ ಮಾಡಿದ ಮೇಲೆ ಕೂತವರು ಎದ್ದದ್ದು ಊರಿನ ಬಸ್ಸಿನ ಹೊತ್ತಿಗೇ. ಆ ದಿನದ ರಕ್ತ ಅವರ ಎದೆಯ ಮೇಲೆಯೇ ತೆಗೆದೆವು. ಅಂಕ 3.

ಎಲ್ಲಿ ನಡೆಯಲಿಲ್ಲ

ಕ್ಯಾನುಲಾ ಬದಲಿಸಬೇಕಾದಾಗ ಎದೆಯ ಮೇಲೆ ಪ್ರಯತ್ನಿಸಲಿಲ್ಲ. ನರ ಸಿಗುವುದೇ ಕಷ್ಟ, ಕೈ ಚಾಚಿ ಭದ್ರವಾಗಿ ಹಿಡಿಯಬೇಕು, ಮತ್ತೆ ಮತ್ತೆ ಚುಚ್ಚುವ ಹಾಗಾದರೆ ಮಗುವಿಗೇ ನಷ್ಟ. ಆಗ ಮಗು ವಾರ್ಮರ್ ಮೇಲಿತ್ತು, ತಾಯಿ ಪಕ್ಕದಲ್ಲಿ ನಿಂತು ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಮಡಚಿದ ಕಾಲು ಹಿಡಿದುಕೊಂಡಳು. ಎರಡು ನಿಮಿಷ ಮುಂಚೆ ನಾಲಿಗೆಗೆ ಕೆಲವೇ ಹನಿ ಸಿಹಿ ದ್ರಾವಣ ಹಾಕಿದೆವು. ಅದು ಆಸ್ಪತ್ರೆಯಲ್ಲಿ ಅಳತೆ ಮಾಡಿ ಕೊಡುವಂಥದ್ದು. ಮನೆಯಲ್ಲಿ ಸಕ್ಕರೆ ನೀರು, ಜೇನುತುಪ್ಪ ಯಾರೂ ಹಾಕಬೇಡಿ.

33 ವಾರದ ಮಗುವಾದ್ದರಿಂದ ಕಣ್ಣಿನ ಪರೀಕ್ಷೆ ಆಗಲೇಬೇಕಿತ್ತು. 34 ವಾರಕ್ಕೆ ಮುಂಚೆ ಹುಟ್ಟಿದ, ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳ ಅಕ್ಷಿಪಟವನ್ನು ಹುಟ್ಟಿದ ಒಂದು ತಿಂಗಳೊಳಗೆ ನೋಡಿಸಬೇಕು. ಇದನ್ನು ತಪ್ಪಿಸಿದ ಮಕ್ಕಳು ದೃಷ್ಟಿ ಕಳೆದುಕೊಂಡದ್ದಿದೆ. ರೆಪ್ಪೆ ಬಿಡಿಸಿ ಹಿಡಿದು ಮಾಡುವ ಪರೀಕ್ಷೆ, ಮಗುವಿಗೆ ಬಹಳ ನೋವು. ಅಲ್ಲಿ ಬರೀ ತಾಯಿಯ ಎದೆ ಸಾಲದು. ಮರಗಟ್ಟಿಸುವ ಕಣ್ಣಿನ ಹನಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು, ಸಿಹಿ ದ್ರಾವಣ, ಎಲ್ಲ ಸೇರಿಸಿ ಮಾಡಿದೆವು. ಆದರೂ ಮಗು ಅತ್ತಿತು. ಮುಗಿದ ಕೂಡಲೇ ಎದೆಗೆ ಕೊಟ್ಟೆವು, ಬೇಗ ಸುಮ್ಮನಾಯಿತು. ಎದೆಗೆ ಟ್ಯೂಬ್ ಹಾಕುವುದು, ಆಪರೇಷನ್, ಇಂಥವಕ್ಕೆ ಔಷಧಿಯೇ ಬೇಕು. ತಾಯಿಯ ಅಪ್ಪುಗೆ ಇದೆಯಲ್ಲ ಅಂತ ನೋವಿನ ಔಷಧಿ ತಪ್ಪಿಸುವ ಹಾಗಿಲ್ಲ.

ಮನೆಗೆ ಹೋದ ಮೇಲೆ

ಜಾಂಡೀಸ್ ಇಳಿಯಿತು, ಮಗು ಮೊಲೆ ಚೀಪಲು ಕಲಿಯಿತು, ತೂಕ ಏರತೊಡಗಿದ ಮೇಲೆ ಮನೆಗೆ ಕಳಿಸಿದೆವು. ಆರನೇ ವಾರದ ಲಸಿಕೆ ಊರಿನ ಕಡೆ, ಗುರುವಾರ. ಈ ಸಲ ಎರಡು ಬಾಯಿ ಹನಿ, ಎರಡು ತೊಡೆಗೆ ಒಂದೊಂದು ಇಂಜೆಕ್ಷನ್, ಬಲತೋಳಿಗೆ ಚರ್ಮದೊಳಗಿನ ಪೋಲಿಯೊ ಚುಚ್ಚು. ಲಸಿಕೆಯ ನೋವು ಕಡಿಮೆ ಮಾಡಲು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿದೆ: ಮಗುವನ್ನು ಮಲಗಿಸದೆ ಎತ್ತಿಕೊಂಡಿರಿ, ಎದೆಹಾಲು ಕುಡಿಸುತ್ತಾ ಚುಚ್ಚಿಸಿ, ಜಾಸ್ತಿ ನೋಯುವ ಇಂಜೆಕ್ಷನ್ ಕೊನೆಗಿರಲಿ.

ತಾಯಿ ಆಮೇಲೆ ಫೋನ್ ಮಾಡಿ ಹೇಳಿದಳು. ಅಲ್ಲಿನ ಸಿಸ್ಟರ್ ಮಗುವನ್ನು ಮೇಜಿನ ಮೇಲೆ ಮಲಗಿಸಿ ಅಂದರಂತೆ. "ನಾನು ಎತ್ಕೊಂಡೇ ಇರ್ತೀನಿ ಮೇಡಂ, ಹಾಸನದಲ್ಲಿ ಹಂಗೇ ಮಾಡ್ತಿದ್ರು" ಅಂತ ಅವಳು ಹೇಳಿದಾಗ ಆ ಸಿಸ್ಟರ್ ಸರಿ ಅಂದರಂತೆ. ಸಾಲಿನಲ್ಲಿದ್ದ ಇನ್ನಿಬ್ಬರು ತಾಯಂದಿರೂ ಹಾಗೇ ಮಾಡಿಸಿಕೊಂಡರಂತೆ. ಅವಳ ದನಿಯಲ್ಲಿ ಹೆಮ್ಮೆ ಇತ್ತು. ನನಗೂ ಆಯಿತು.

ರಾತ್ರಿಯ ಪ್ರಶ್ನೆ

ನಮ್ಮಲ್ಲಿ ತುರ್ತಲ್ಲದ ರಕ್ತ ಪರೀಕ್ಷೆಯನ್ನು ಈಗ ಆದಷ್ಟು ಕಾಂಗರೂ ಆರೈಕೆಯ ಹೊತ್ತಿಗೇ ಇಟ್ಟುಕೊಳ್ಳುತ್ತೇವೆ. ಅದಕ್ಕೆ ದುಡ್ಡು ಬೇಕಾಗಲಿಲ್ಲ, ಹೊಸ ಮೆಷಿನ್ ಬೇಕಾಗಲಿಲ್ಲ. ಎರಡು ಕುಳ್ಳ ಸ್ಟೂಲ್, ಒಂದು ದೀಪ, ಸಮಯ ಬದಲಿಸುವ ಮನಸ್ಸು ಸಾಕಾಯಿತು.

ಬಗೆಹರಿಯದೆ ಉಳಿದಿರುವುದು ರಾತ್ರಿ. ಮಧ್ಯರಾತ್ರಿ ಎರಡಕ್ಕೆ ಶುಗರ್ ನೋಡಬೇಕಾದರೆ ತಾಯಿ ಇನ್ನೊಂದು ಮಹಡಿಯ ವಾರ್ಡಿನಲ್ಲಿ ಮಲಗಿರುತ್ತಾಳೆ. ಹೊಲಿಗೆ ನೋವಿನಲ್ಲಿರುವವಳನ್ನು ಎಬ್ಬಿಸಿ ಮೆಟ್ಟಿಲು ಹತ್ತಿಸುವ ಹಾಗಿಲ್ಲ. ಮಗುವಿನ ಶುಗರ್ ಕಾಯುವ ಹಾಗೂ ಇಲ್ಲ. ಇದಕ್ಕೆ ದಾರಿ ತಾಯಿಯ ಹಾಸಿಗೆಯನ್ನೇ ಘಟಕದೊಳಗೆ ತರುವುದು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಹೀಗೆ ಮಾಡಿ ನೋಡಿದ್ದಾರೆ. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟು, ತಾಯಿ ಮಗು ಇಬ್ಬರಿಗೂ ಒಂದೇ ಕಡೆ ಆರೈಕೆ ಮಾಡಿದಾಗ 1.8 ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು ಅಂತ 2021ರಲ್ಲಿ ಪ್ರಕಟವಾಯಿತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ ಕೊಡಿ ಅಂತ ಶಿಫಾರಸು ಮಾಡಿತು. ಜೀವ ಉಳಿಸಲು ಅಂತ ತಂದ ಹಾಸಿಗೆಯೇ ರಾತ್ರಿಯ ನೋವಿಗೂ ಆಗುತ್ತದೆ. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ಹೊಸ ಮಕ್ಕಳ ಘಟಕದ ನಕ್ಷೆ ಬರೆಯುವವರು, ಗೋಡೆ ಏಳುವ ಮುಂಚೆಯೇ ವಾರ್ಮರ್ ಪಕ್ಕದಲ್ಲಿ ತಾಯಿಯ ಮಂಚಕ್ಕೆ ಜಾಗ ಬಿಡಬೇಕು.